ಮಲಪ್ರಭೆಯ ಮೀನಿಗೂ ಉಂಟು ಶಾರ್ಕಿನ ಇಂದ್ರಿಯ

ಒಂದೂವರೆ ವೋಲ್ಟಿನ ಒಂದು ಟಾರ್ಚ್ ಸೆಲ್ ಇದೆ ಎಂದಿಟ್ಟುಕೊಳ್ಳಿ. ಅದರ ಒಂದು ತುದಿಗೆ ಕಟ್ಟಿದ ತಂತಿಯನ್ನು ಕಡಲಿನ ನೀರಿಗೆ ಇಳಿಬಿಟ್ಟಿದ್ದೀರಿ. ಇನ್ನೊಂದು ತುದಿಯ ತಂತಿಯನ್ನು ಎಳೆದುಕೊಂಡು ಹೋಗಿ 3,000 ಕಿಲೋಮೀಟರ್ ಆಚೆ ಇಳಿಬಿಟ್ಟಿದ್ದೀರಿ. ನಮ್ಮ ದೇಶದ ಉತ್ತರ ತುದಿಯಿಂದ ದಕ್ಷಿಣ ತುದಿಗೆ 3,214 ಕಿಲೋಮೀಟರ್. ಹೆಚ್ಚುಕಡಿಮೆ ಅಷ್ಟು ದೂರ! ಸೆಲ್ಲಿನ ಒಂದೂವರೆ ವೋಲ್ಟು ಆ ಉದ್ದಕ್ಕೂ ಸಮನಾಗಿ ಹಂಚಿಹೋಯಿತು ಎಂದು ಲೆಕ್ಕ ಹಾಕಿದರೆ, ಒಂದು ಸೆಂಟಿಮೀಟರಿನ ಪಾಲಿಗೆ ಬರುವುದು ಒಂದು ವೋಲ್ಟಿನ ನೂರು ಕೋಟಿ ಪಾಲಿನಲ್ಲಿ ಐದು ಪಾಲು. ಇಷ್ಟನ್ನು ಅಳೆಯಲು ಪ್ರಯೋಗಾಲಯದವರಿಗೂ ನಾಜೂಕಾದ ಉಪಕರಣ ಬೇಕು. ಶಾರ್ಕಿಗೆ ತನ್ನ ಮೂತಿಯೇ ಸಾಕು.

ಶಾರ್ಕಿನ ಹಲ್ಲನ್ನು ಒಂದು ಗಳಿಗೆ ಮರೆತು ಆ ಮೂತಿಯನ್ನು ನೋಡಿ. ಕಾರವಾರ, ಮಲ್ಪೆಯ ಮೀನು ಪೇಟೆಗಳಿಗೆ ಸಣ್ಣ ಶಾರ್ಕುಗಳು ಬರುತ್ತವೆ. ಒಂದನ್ನು ಅಂಗಾತ ಮಾಡಿದರೆ ಮೂತಿಯ ತಳದಲ್ಲಿ, ಬಾಯಿಯ ಸುತ್ತ, ಕಪ್ಪು ಚುಕ್ಕೆಗಳು ಗುಂಪುಗುಂಪಾಗಿ ಕಾಣುತ್ತವೆ. ಬೆರಳಿನಿಂದ ಒತ್ತಿದರೆ ಚುಕ್ಕೆಗಳಿಂದ ತಿಳಿಯಾದ ಅಂಟು ಲೋಳೆ ಒಸರುತ್ತದೆ. ಒಂದೊಂದು ಚುಕ್ಕೆಯೂ ಒಂದು ಸಣ್ಣ ಕೊಳವೆಯ ಬಾಯಿ. ಕೊಳವೆಯ ತುಂಬ ಆ ಲೋಳೆ, ಅದರ ಬುಡದಲ್ಲಿ ನರಕ್ಕೆ ಸುದ್ದಿ ಕೊಡುವ ಕೋಶಗಳು. ಇಟಲಿಯ ಸ್ಟೆಫಾನೊ ಲೊರೆಂಜಿನಿ 1678ರಲ್ಲೇ ಇವನ್ನು ವರ್ಣಿಸಿ ಬರೆದಿಟ್ಟ. ಇವು ಯಾತಕ್ಕಾಗಿ ಇವೆ ಎಂಬುದು ಖಚಿತವಾಗಿ ತಿಳಿಯಲು ಮಾತ್ರ ಸುಮಾರು ಮುನ್ನೂರು ವರ್ಷ ಹಿಡಿಯಿತು! ಆ ಲೋಳೆಯನ್ನು 2016ರಲ್ಲಿ ಅಮೆರಿಕದ ವಿಜ್ಞಾನಿಗಳು ಅಳೆದು ನೋಡಿದರೆ, ಅದುವರೆಗೆ ಜೀವಿಗಳ ಮೈಯಲ್ಲಿ ಸಿಕ್ಕ ಯಾವ ವಸ್ತುವಿಗಿಂತಲೂ ಚೆನ್ನಾಗಿ ಪ್ರೋಟಾನುಗಳನ್ನು ಹರಿಯಗೊಡುವ ವಸ್ತು ಅದಾಗಿತ್ತು.

ಗುಟ್ಟು ಬಿಚ್ಚಿದ್ದು ಆಡ್ರಿಯಾನಸ್ ಕಾಲ್ಮೇನ್ ಎಂಬ ಡಚ್ ವಿಜ್ಞಾನಿ. 1971ರಲ್ಲಿ ಪ್ರಕಟವಾದ ಆತನ ಪ್ರಯೋಗವನ್ನು ಓದುವಾಗ ಪತ್ತೇದಾರಿ ಕಾದಂಬರಿ ಓದಿದಷ್ಟೇ ಉಸಿರು ಬಿಗಿಹಿಡಿಯಬೇಕು. ನೀರು ತುಂಬಿದ ತೊಟ್ಟಿ, ತಳದಲ್ಲಿ ಮರಳು, ಮರಳಿನೊಳಗೆ ಹುದುಗಿಸಿಟ್ಟ ಒಂದು ಚಪ್ಪಟೆ ಮೀನು. ಹಸಿದ ಪುಟ್ಟ ಶಾರ್ಕೊಂದು ಮೇಲೆ ಈಜುತ್ತ ಬಂದು ಸೀದಾ ಆ ಜಾಗಕ್ಕೇ ಬಾಯಿ ಹಾಕಿತು. ಕಣ್ಣಿಗೆ ಕಂಡಿತೆ? ಮರಳು ಮುಚ್ಚಿದೆ. ವಾಸನೆ ಬಂತೆ? ಕಾಲ್ಮೇನ್ ಮೀನಿನ ಮೇಲೆ ಅಗರ್‌ನ ಒಂದು ಚಾವಣಿ ಹೊದಿಸಿದ. ನಮ್ಮ ಕಿರಾಣಿ ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂದು ಸಿಗುತ್ತದಲ್ಲ, ಅದೇ ಅಗರ್. ಒಳಗಿನ ನೀರು ಒಂದು ಕೊಳವೆಯ ಮೂಲಕ ದೂರದಲ್ಲಿ ಹೊರಬೀಳುವಂತೆ ಮಾಡಿದ. ವಾಸನೆಯೂ ಅಲ್ಲಿಂದಲೇ ಹೊರಬರಬೇಕು. ಶಾರ್ಕ್ ಆ ಕೊಳವೆಯ ಕಡೆ ತಿರುಗಿಯೂ ನೋಡದೆ ಮೀನಿರುವಲ್ಲಿಗೇ ನುಗ್ಗಿತು! ಬದುಕಿದ ಮೀನನ್ನು ತೆಗೆದು ಅದೇ ಜಾಗದಲ್ಲಿ ಕತ್ತರಿಸಿದ ಮೀನಿನ ತುಂಡುಗಳನ್ನಿಟ್ಟ. ಈಗ ಶಾರ್ಕ್ ವಾಸನೆ ಹೊರಬೀಳುವ ಕೊಳವೆಯ ಬಾಯಿಗೆ ಹೋಯಿತು. ಮತ್ತೆ ಜೀವಂತ ಮೀನು, ಮೇಲೆ ವಿದ್ಯುತ್ತನ್ನು ತಡೆಯುವ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ. ಶಾರ್ಕ್ ಅದರ ಮೇಲೆಯೇ ಈಜಿಕೊಂಡು ಹೋಯಿತು, ಏನೂ ತಿಳಿಯಲಿಲ್ಲ. ಕೊನೆಗೆ ಮೀನೂ ಇಲ್ಲ, ವಾಸನೆಯೂ ಇಲ್ಲ. ಮರಳಿನೊಳಗೆ ಎರಡು ಎಲೆಕ್ಟ್ರೋಡು ಹೂತು, ಮೀನಿನ ಮೈಯಿಂದ ಹೊಮ್ಮುವಷ್ಟೇ ನವಿರಾದ ವಿದ್ಯುತ್ತು ಹರಿಸಿದ. ಶಾರ್ಕ್ ಮರಳು ಕೆದರಿ ಎಲೆಕ್ಟ್ರೋಡನ್ನೇ ಕಚ್ಚಿತು.

ಉಸಿರಾಡುವ ಮೀನಿನ ಕಿವಿರಿನಿಂದ, ಬಾಯಿಯ ಒಳಪೊರೆಯಿಂದ ಸದಾ ಒಂದಿಷ್ಟು ವಿದ್ಯುತ್ತು ನೀರಿಗೆ ಸೋರುತ್ತಿರುತ್ತದೆ. ಅಡಗಿ ಕೂತವನ ಉಸಿರೇ ಅವನ ಪತ್ತೆ ಹೇಳುತ್ತದೆ. ನೀರಿಗಿಳಿದ ಮನುಷ್ಯನ ಮೈಯೂ ಈ ನಿಯಮಕ್ಕೆ ಹೊರತಲ್ಲ.

ಬಾಗಲಕೋಟೆಯವರಿಗೆ ಈ ಶಾರ್ಕಿನ ಪುರಾಣ ಯಾಕೆ ಎಂದು ಕೇಳಬಹುದು. ಇಲ್ಲಿಂದ ಕಡಲು ಇನ್ನೂರು ಕಿಲೋಮೀಟರ್ ಆಚೆ, ಸಹ್ಯಾದ್ರಿಯನ್ನು ದಾಟಿ. ಆದರೆ ಕೇಳಿ! ಮಲಪ್ರಭೆಯಲ್ಲಿ, ಘಟಪ್ರಭೆಯಲ್ಲಿ, ಆಲಮಟ್ಟಿಯ ಹಿನ್ನೀರಿನಲ್ಲಿ ಬಲೆಗೆ ಬೀಳುವ ಬಾಳೆ ಮೀನು, ಚೇಳು ಮೀನು, ಒಟ್ಟಾರೆ ಮೀಸೆ ಇರುವ ಈ ಜಾತಿಯ ಮೀನುಗಳಿಗೆ ಅದೇ ವಿದ್ಯುತ್ ಇಂದ್ರಿಯ ಇದೆ. ಇದು ನನಗೆ ತಿಳಿದ ದಿನ ಸಂತೆಯಲ್ಲಿ ಮೀನಿನ ಬುಟ್ಟಿಯ ಮುಂದೆ ನಿಂತು ಒಂದು ಬಾಳೆ ಮೀನಿನ ಚಪ್ಪಟೆ ತಲೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದೆ. ಮೀಸೆ ಕಂಡಿತು, ಜಿಗುಟು ಚರ್ಮ ಕಂಡಿತು. ಚರ್ಮದಲ್ಲಿ ಹುದುಗಿರುವ ಆ ಸೂಕ್ಷ್ಮ ಗುಂಡಿಗಳು ಬರಿಗಣ್ಣಿಗೆ ಕಾಣುವಂಥವಲ್ಲ. ಶಾರ್ಕಿಗೆ ಉಪ್ಪುನೀರಿನಲ್ಲಿ ಉದ್ದ ಕೊಳವೆ ಬೇಕು; ಸಿಹಿನೀರಿನ ಮೀನಿಗೆ ಚರ್ಮದ ದಪ್ಪದಷ್ಟೇ ಆಳದ ಗುಂಡಿ ಸಾಕು.

ಇದನ್ನು ಮೊದಲು ಸೂಚಿಸಿದ ಪ್ರಯೋಗ 1917ರದು. ಅಮೆರಿಕದಲ್ಲಿ ಪಾರ್ಕರ್ ಮತ್ತು ವಾನ್ ಹ್ಯೂಸೆನ್ ಎಂಬಿಬ್ಬರು ಮೀಸೆ ಮೀನಿನ ಕಣ್ಣಿಗೆ ಪಟ್ಟಿ ಕಟ್ಟಿ, ಹತ್ತಿರಕ್ಕೆ ಗಾಜಿನ ಕಡ್ಡಿ ತಂದರು. ಮೈಗೆ ತಗಲುವ ತನಕ ಮೀನು ಸುಮ್ಮನಿತ್ತು. ಲೋಹದ ಕಡ್ಡಿ ತಂದರು. ಇನ್ನೂ ಕೆಲವು ಸೆಂಟಿಮೀಟರ್ ದೂರವಿರುವಾಗಲೇ ಮೀನು ಮಿಸುಕಾಡಿತು! ಲೋಹ ನೀರಿಗೆ ತಾಗಿದಾಗ ಹುಟ್ಟುವ ವಿದ್ಯುತ್ತು ಅದಕ್ಕೆ ಸುದ್ದಿ ಕೊಟ್ಟಿತ್ತು. ಹೊಳೆಯ ಕಲಕಿದ ಕೆಂಪು ನೀರಿನಲ್ಲಿ, ಕಾರ್ಗತ್ತಲಿನಲ್ಲಿ, ಕೆಸರೊಳಗಿನ ಹುಳುವನ್ನು ಈ ಮೀನು ಹೇಗೆ ಹುಡುಕುತ್ತದೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಉಳಿದರ್ಧ ಮೀಸೆಯಲ್ಲಿ, ಮೀಸೆಯ ಮೇಲಿನ ರುಚಿಮೊಗ್ಗುಗಳಲ್ಲಿ.

ಇನ್ನೂ ಬೆರಗಿನ ಮಾತಿದೆ. ಶಾರ್ಕಿಗೂ ಬಾಳೆ ಮೀನಿಗೂ ಈ ಇಂದ್ರಿಯ ಒಂದೇ ಅಜ್ಜನಿಂದ ಬಂದ ಆಸ್ತಿಯಲ್ಲ. ಎಲುಬಿನ ಮೀನುಗಳಲ್ಲಿ ಬಹುಪಾಲಿನ ವಂಶ ಅದನ್ನು ಎಂದೋ ಕಳೆದುಕೊಂಡಿತ್ತು. ಮೀಸೆ ಮೀನಿನ ಕುಲ ಅದನ್ನು ಹೊಸದಾಗಿ, ತನ್ನದೇ ರೀತಿಯಲ್ಲಿ ಮತ್ತೆ ಗಳಿಸಿಕೊಂಡಿತು. ಎಷ್ಟು ಬೇರೆ ರೀತಿಯೆಂದರೆ, ಶಾರ್ಕಿನ ಕೋಶ ಋಣ ವಿದ್ಯುತ್ತಿಗೆ ಕೆರಳಿದರೆ ಇದರದು ಧನ ವಿದ್ಯುತ್ತಿಗೆ ಕೆರಳುತ್ತದೆ. ಶಾರ್ಕಿನಷ್ಟು ಸೂಕ್ಷ್ಮವಲ್ಲ, ನಿಜ. ಆದರೂ ನಮ್ಮ ಹೊಳೆಯ ಮಡುವಿನಲ್ಲಿ, ನಾವು ಬಟ್ಟೆ ಒಗೆಯುವ ಕಲ್ಲಿನ ಬುಡದಲ್ಲಿ, ಒಂದು ಜೀವ ವಿದ್ಯುತ್ತಿನಿಂದ ಜಗತ್ತನ್ನು ತಿಳಿಯುತ್ತ ಕೂತಿದೆ!

ಕಡಲಾದರೂ ಈ ನೆಲಕ್ಕೆ ಪೂರಾ ಹೊರಗಿನದೇನಲ್ಲ. ಬಾಗಲಕೋಟೆ, ಲೋಕಾಪುರದ ಕಡೆ ಸಿಮೆಂಟಿಗಾಗಿ ಅಗೆಯುವ ಸುಣ್ಣದಕಲ್ಲು ನೂರು ಕೋಟಿ ವರ್ಷಕ್ಕೂ ಹಿಂದೆ ಕಡಲಿನ ತಳದಲ್ಲಿ ಕೂತ ಕೆಸರು. 1876ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯ ಶಿಲೆಗಳನ್ನು ವಿವರಿಸಿ ಬರೆದ. ಕಲಾದಗಿಯ ಹೆಸರು ಭೂವಿಜ್ಞಾನದಲ್ಲಿ ಉಳಿದದ್ದು ಹಾಗೆ. ಆ ಕಡಲಿನಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟುಗಳು ಕಲ್ಲಾಗಿ ಇಂದೂ ಸಿಗುತ್ತವೆ. ಶಾರ್ಕುಗಳ ಕುಲ ಭೂಮಿಯ ಮೇಲೆ ಕಾಣಿಸಿಕೊಂಡು ನಲವತ್ತು ಕೋಟಿ ವರ್ಷದ ಮೇಲಾಗಿದೆ ಅಷ್ಟೆ. ಅಂದರೆ ಬಾಗಲಕೋಟೆಯ ಕಡಲು ಬತ್ತಿ ಕಲ್ಲಾಗಿ ಎಷ್ಟೋ ಕಾಲವಾದ ಮೇಲೆ ಜಗತ್ತಿನ ಮೊದಲ ಶಾರ್ಕ್ ಹುಟ್ಟಿದ್ದು! ಬಾದಾಮಿಯ ಕೆಂಪು ಮರಳುಗಲ್ಲಿನ ಹಾಸುಗಳಲ್ಲಿ ನೀರಿನ ಅಲೆಗುರುತು ಬೆರಳಿಗೆ ಸಿಗುತ್ತದೆ. 578ರ ಶಾಸನವಿರುವ ಮೂರನೆಯ ಗುಹೆಯನ್ನು ಕೊರೆದದ್ದು ಇದೇ ಮರಳುಗಲ್ಲಿನಲ್ಲಿ. ಚಾಲುಕ್ಯರ ಶಿಲ್ಪಿಗಳು ತಮ್ಮ ಗುಡಿಗಳ ತೋರಣಗಳಲ್ಲಿ ಬಾಯಿ ತೆರೆದ ಮಕರವನ್ನು ಮತ್ತೆ ಮತ್ತೆ ಕೆತ್ತಿದರು. ನೀರೊಳಗಿನ ಬಾಯಿಯ ಭಯವನ್ನು ಅವರು ದೇವರ ಬಾಗಿಲಿಗೇ ತಂದು ಕಾವಲಿಗೆ ನಿಲ್ಲಿಸಿದ್ದರು ಎಂದು ನನಗೆ ಅನ್ನಿಸುತ್ತದೆ.

ಇಪ್ಪತ್ತನೆಯ ಶತಮಾನದವರು ಆ ಭಯಕ್ಕೆ ವಾಸನೆಯ ಮದ್ದನ್ನು ಹುಡುಕಿದರು. ಎರಡನೆಯ ಮಹಾಯುದ್ಧದಲ್ಲಿ ಹಡಗು ಮುಳುಗಿ ನೀರಿಗೆ ಬಿದ್ದ ಸೈನಿಕರಿಗಾಗಿ ಅಮೆರಿಕದವರು ತಾಮ್ರದ ಅಸಿಟೇಟಿಗೆ ಕಪ್ಪು ಬಣ್ಣ ಬೆರೆಸಿ ಬಿಲ್ಲೆ ಮಾಡಿದರು. ಆ ಕೆಲಸದಲ್ಲಿ ಕೈಜೋಡಿಸಿದ್ದ ಒಬ್ಬ ಯುವತಿ ಮುಂದೆ ಅಡುಗೆಯ ಪುಸ್ತಕಗಳಿಂದ, ಟಿವಿ ಕಾರ್ಯಕ್ರಮಗಳಿಂದ ದೇಶವಿಡೀ ಹೆಸರಾದ ಜೂಲಿಯಾ ಚೈಲ್ಡ್. ಬಿಲ್ಲೆ ಸೈನಿಕರ ಮನಸ್ಸಿಗೆ ಧೈರ್ಯ ಕೊಟ್ಟಷ್ಟು ಶಾರ್ಕಿಗೆ ಅಂಜಿಕೆ ಕೊಡಲಿಲ್ಲ. 1970ರ ದಶಕದಲ್ಲಿ ಯೂಜೀನಿ ಕ್ಲಾರ್ಕ್ ಎಂಬ ವಿಜ್ಞಾನಿ ಕೆಂಪು ಸಮುದ್ರದ ಒಂದು ಚಪ್ಪಟೆ ಮೀನಿನ ಮೈಯಿಂದ ಹಾಲಿನಂಥ ವಿಷ ಒಸರುವುದನ್ನು ಕಂಡರು. ಅದನ್ನು ಕಚ್ಚಲು ಬಂದ ಶಾರ್ಕ್ ಬಾಯಿ ಮುಚ್ಚಲಾರದೆ ತಲೆ ಕೊಡವುತ್ತ ಓಡಿತು! ಆ ವಿಷದ ಗುಣ ಸಾಬೂನಿನದಕ್ಕೆ ಹತ್ತಿರ ಎಂದು ತಿಳಿದು, ಶಾಂಪೂವಿನಲ್ಲಿ ಬಳಸುವ ಲಾರಿಲ್ ಸಲ್ಫೇಟನ್ನೂ ವಿಜ್ಞಾನಿಗಳು ಶಾರ್ಕಿನ ಬಾಯಿಗೆ ಚಿಮ್ಮಿ ನೋಡಿದರು. ಅದೂ ಕೆಲಸ ಮಾಡಿತು. ಆದರೆ ಕಡಲಿಗೆ ಸುರಿದ ಯಾವ ಮದ್ದೂ ಕ್ಷಣಮಾತ್ರದಲ್ಲಿ ತೆಳುವಾಗಿ ಹೋಗುತ್ತದೆ. ಸಿಡ್ನಿಯವರು 1937ರಲ್ಲಿ, ಡರ್ಬನ್ನಿನವರು 1952ರಲ್ಲಿ ಹಾಕಿದ ಬಲೆಗಳು ಶಾರ್ಕುಗಳ ಜೊತೆ ಡಾಲ್ಫಿನ್, ಆಮೆಗಳನ್ನೂ ಕೊಂದವು.

ಲೊರೆಂಜಿನಿಯ ಚುಕ್ಕೆಗಳ ಗುಟ್ಟು ಕೈಗೆ ಬಂದಮೇಲೆ ದಾರಿ ಬದಲಾಯಿತು. ನೂರು ಕೋಟಿಯಲ್ಲಿ ಐದು ಪಾಲನ್ನು ಅರಿಯುವ ಮೂತಿಯ ಮುಂದೆ ಜೋರಾದ ವಿದ್ಯುತ್ ಮಿಡಿತ ಹಾಕಿದರೆ ಅದು ತಾಳೀತೆ? 1990ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ನಟಾಲ್ ಶಾರ್ಕ್ಸ್ ಬೋರ್ಡ್ ಇದೇ ತರ್ಕದಿಂದ ಮುಳುಗುಗಾರರ ಮೈಗೆ ಕಟ್ಟುವ ಸಾಧನ ಮಾಡಿತು. ಆಸ್ಟ್ರೇಲಿಯಾದಲ್ಲಿ ಅದು ಶಾರ್ಕ್ ಶೀಲ್ಡ್ ಎಂದು ಬೆಳೆಯಿತು. ಬ್ಯಾಟರಿ, ಎರಡು ಎಲೆಕ್ಟ್ರೋಡು, ನಡುವೆ ಬಿಟ್ಟು ಬಿಟ್ಟು ಮಿಡಿಯುವ ವಿದ್ಯುತ್ತು. ಶಾರ್ಕಿನ ಮೈಗೆ ಏನೂ ಗಾಯವಿಲ್ಲ. ಶಾರ್ಕ್ ಹತ್ತಿರ ಬಂದು ಬೆಚ್ಚಿ ಹೊರಳಿ ಹೋಗುತ್ತದೆ.

ಎಲ್ಲ ಸಾಧನಗಳೂ ಹೀಗೇ ಕೆಲಸ ಮಾಡುತ್ತವೆ ಎಂದು ನಂಬಿಬಿಡಬಾರದು. ಫ್ಲಿಂಡರ್ಸ್ ವಿಶ್ವವಿದ್ಯಾಲಯದ ಚಾರ್ಲಿ ಹುವೆನಿಯರ್ಸ್ ಮತ್ತು ಸಂಗಡಿಗರು ದಕ್ಷಿಣ ಆಸ್ಟ್ರೇಲಿಯಾದ ನೆಪ್ಚೂನ್ ದ್ವೀಪಗಳ ಬಳಿ ಐದು ಬಗೆಯ ಸಾಧನಗಳನ್ನು ಬಿಳಿ ಶಾರ್ಕುಗಳ ಮುಂದೆ ಪರೀಕ್ಷೆಗೆ ಒಡ್ಡಿದರು. ಫಲಿತಾಂಶ 2018ರಲ್ಲಿ ಬಂತು. ಅಯಸ್ಕಾಂತದ ಕೈಪಟ್ಟಿ, ಅಯಸ್ಕಾಂತದ ಹಗ್ಗ, ವಾಸನೆಯ ಮೇಣ, ಇನ್ನೊಂದು ವಿದ್ಯುತ್ ಸಾಧನ, ಇವುಗಳಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಶಾರ್ಕ್ ಶೀಲ್ಡಿನ ಸರ್ಫಿಂಗ್ ಮಾದರಿಯೊಂದು ಮಾತ್ರ ಎದ್ದು ನಿಂತಿತು: ಶಾರ್ಕುಗಳು ನೂರಕ್ಕೆ 96 ಸಲ ಕಚ್ಚಿಕೊಂಡು ಹೋಗುತ್ತಿದ್ದ ಆಮಿಷವನ್ನು ಅದು ಇದ್ದಾಗ ನೂರಕ್ಕೆ 40 ಸಲ ಮಾತ್ರ ಕಚ್ಚಿದವು. ಪೂರ್ತಿ ಅಭಯ ಇದಲ್ಲ. ಆದರೂ ಕೋಟ್ಯಂತರ ವರ್ಷಗಳಿಂದ ಬೇಟೆಯಾಡುತ್ತ ಬಂದ ಪ್ರಾಣಿಯ ಮನಸ್ಸನ್ನು ಒಂದು ಬ್ಯಾಟರಿ ಅರ್ಧಕ್ಕಿಂತ ಹೆಚ್ಚು ಸಲ ತಿರುಗಿಸಿದೆ!

ಹಾಗೆ ನೋಡಿದರೆ ಶಾರ್ಕಿನಿಂದ ಮನುಷ್ಯನಿಗೆ ಇರುವ ಅಪಾಯ ದೊಡ್ಡದಲ್ಲ. 2023ರಲ್ಲಿ ಇಡೀ ಜಗತ್ತಿನಲ್ಲಿ, ಕೆಣಕದೆ ಇದ್ದವರ ಮೇಲೆ ನಡೆದ ದಾಳಿಗಳು 69, ಅವುಗಳಲ್ಲಿ ಸತ್ತವರು 10 ಜನ. ನಮ್ಮಿಂದ ಅವುಗಳಿಗೆ ಆಗಿರುವುದು ಬೇರೆಯೇ ಲೆಕ್ಕ: 1970ರಿಂದೀಚೆಗೆ ತೆರೆದ ಸಾಗರದ ಶಾರ್ಕು ಮತ್ತು ತೊರಕೆಗಳ ಸಂಖ್ಯೆ ನೂರಕ್ಕೆ 71ರಷ್ಟು ಕುಸಿದಿದೆ. ಅದಕ್ಕೇ ಈ ಕಥೆಯಲ್ಲಿ ನನಗೆ ತುಂಬ ಪ್ರೀತಿಯ ತಿರುವು 2022ರದು. ಇಂಗ್ಲೆಂಡಿನ ಒಂದು ತಂಡ ಮೀನುಗಾರರ ಗಾಳದ ಪಕ್ಕದಲ್ಲೇ ಮಿಡಿಯುವ ಪುಟ್ಟ ಬ್ಯಾಟರಿ ಕಟ್ಟಿತು. ಟ್ಯೂನಾಕ್ಕಾಗಿ ಹಾಕಿದ ಗಾಳಕ್ಕೆ ಸುಮ್ಮನೆ ಬಲಿಯಾಗುತ್ತಿದ್ದ ನೀಲಿ ಶಾರ್ಕುಗಳು ನೂರಕ್ಕೆ 91ರಷ್ಟು ಕಡಿಮೆಯಾದವು. ಮನುಷ್ಯನನ್ನು ಶಾರ್ಕಿನಿಂದ ಕಾಯಲು ಹುಟ್ಟಿದ ಉಪಾಯ ಶಾರ್ಕನ್ನು ಮನುಷ್ಯನಿಂದ ಕಾಯತೊಡಗಿತು. ಮೂಲ್ಕಿ, ಸಸಿಹಿತ್ಲುವಿನಲ್ಲಿ ಅಲೆಯ ಮೇಲೆ ನಿಲ್ಲುವ ನಮ್ಮ ಹುಡುಗ ಹುಡುಗಿಯರು, ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿಯ ಸುತ್ತ ಮುಳುಗುವವರು ಈ ಎರಡನೆಯ ಉಪಯೋಗವನ್ನೇ ಹೆಚ್ಚು ನೆನಪಿಡಲಿ. ಆ ನೀರಿನ ಅತಿ ದೊಡ್ಡ ಅತಿಥಿ ತಿಮಿಂಗಿಲ ಶಾರ್ಕ್, ಸೋಸಿ ತಿನ್ನುವ ಸಾಧು ಪ್ರಾಣಿ; 2001ರಿಂದ ಕಾನೂನಿನ ರಕ್ಷಣೆಯಲ್ಲಿದೆ.

ಈಗ ಇಳಕಲ್ಲಿಗೆ ಬನ್ನಿ.

ವಿದ್ಯುತ್ತು ಸೋತಾಗ ಉಳಿಯುವುದು ಬಟ್ಟೆ. 1980ರ ಸುಮಾರಿಗೆ ಆಸ್ಟ್ರೇಲಿಯಾದ ಮುಳುಗುಗಾರ್ತಿ ವ್ಯಾಲರಿ ಟೇಲರ್ ಉಕ್ಕಿನ ಸಣ್ಣ ಬಳೆಗಳನ್ನು ಒಂದರೊಳಗೊಂದು ಸಿಕ್ಕಿಸಿ ಮಾಡಿದ ಅಂಗಿ ತೊಟ್ಟು, ಕಡಲಿನ ನಡುವೆ ತನ್ನ ತೋಳನ್ನೇ ನೀಲಿ ಶಾರ್ಕಿನ ಬಾಯಿಗೆ ಕೊಟ್ಟರು! ಹಲ್ಲು ಒಳಗಿಳಿಯಲಿಲ್ಲ. ಆ ಬಳೆಯಂಗಿಯ ಚಿತ್ರ ನೋಡಿದಾಗ ನನ್ನ ಕಣ್ಣಿಗೆ ಕಟ್ಟಿದ್ದು ಇಳಕಲ್ ಸೀರೆಯ ಕೊಂಡಿ. ಕುಣಿ ಮಗ್ಗದ ಮುಂದೆ ಕೂತು ನೋಡಿದವರಿಗೆ ಗೊತ್ತು: ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನದು ಹತ್ತಿ, ಸೆರಗಿನದು ರೇಷ್ಮೆ. ಒಡಲಿನ ಒಂದೊಂದು ಎಳೆಯ ತುದಿಯ ಕುಣಿಕೆಯೊಳಗೆ ಸೆರಗಿನ ಎಳೆಯ ಕುಣಿಕೆಯನ್ನು ತೂರಿಸಿ, ಎಳೆಗೆ ಎಳೆ ಸೇರಿಸುತ್ತ, ಸಾವಿರಾರು ಕೊಂಡಿ ಹಾಕಬೇಕು. ಒಂದು ಸೀರೆ ಮುಗಿದರೆ ಮುಂದಿನ ಸೀರೆಗೆ ಮತ್ತೆ ಹೊಸ ಕೊಂಡಿ. ಒಂದು ಎಳೆಯನ್ನು ಎಳೆದರೆ ಭಾರ ಅಕ್ಕಪಕ್ಕದ ಎಳೆಗಳಿಗೆಲ್ಲ ಹಂಚಿಹೋಗುತ್ತದೆ, ಅದಕ್ಕೇ ಕೂಡಿದ ಜಾಗ ಬಿಡುವುದಿಲ್ಲ. ವ್ಯಾಲರಿಯ ತೋಳನ್ನು ಉಳಿಸಿದ್ದೂ ಒಂದು ಬಳೆಯ ಭಾರವನ್ನು ಪಕ್ಕದ ಬಳೆಗಳು ಹೊತ್ತುಕೊಂಡದ್ದೇ.

ಉಕ್ಕು ಭಾರ, ಅದನ್ನು ತೊಟ್ಟು ಅಲೆಯ ಮೇಲೆ ಆಡಲಾಗದು. ಹಾಗಾಗಿ ಈಗಿನವರು ನೂಲಿಗೆ ಬಂದಿದ್ದಾರೆ. ನೂಲು ಯಾವುದರದು ಗೊತ್ತೆ? ಪಾಲಿಥೀನ್! ನಮ್ಮ ಪ್ಲಾಸ್ಟಿಕ್ ಚೀಲದ ಜಾತಿಯದೇ ವಸ್ತು. ಅದರ ಅಣುಸರಪಳಿಗಳನ್ನು ವಿಪರೀತ ಉದ್ದ ಬೆಳೆಸಿ, ಎಲ್ಲವೂ ಒಂದೇ ದಿಕ್ಕಿಗೆ ಮಲಗುವಂತೆ ಎಳೆದು ನೂತರೆ ತೂಕಕ್ಕೆ ತೂಕ ಉಕ್ಕಿಗಿಂತ ಎಷ್ಟೋ ಪಟ್ಟು ಗಟ್ಟಿಯಾದ ದಾರ ಸಿಗುತ್ತದೆ. ಇಂಥ ಗಟ್ಟಿ ನೂಲುಗಳನ್ನು ಸೇರಿಸಿದ ಈಜುಡುಗೆಯ ನಾಲ್ಕು ಬಗೆಯ ಬಟ್ಟೆಗಳನ್ನು ಫ್ಲಿಂಡರ್ಸ್‌ನವರೇ ಬಿಳಿ ಶಾರ್ಕಿಗೂ ಹುಲಿ ಶಾರ್ಕಿಗೂ ಕಚ್ಚಿಸಿ ನೋಡಿ 2025ರಲ್ಲಿ ಫಲಿತಾಂಶ ಬರೆದರು. ಮಾಮೂಲು ಈಜುಡುಗೆಗಿಂತ ಇವುಗಳಲ್ಲಿ ದೊಡ್ಡ ಸೀಳುಗಳು ಕಡಿಮೆ. ದವಡೆಯ ಒತ್ತಡಕ್ಕೆ ಒಳಗಿನ ಮಾಂಸ, ಮೂಳೆ ಜಜ್ಜಬಹುದು. ಆದರೆ ಶಾರ್ಕ್ ಕಡಿತದಲ್ಲಿ ಜೀವ ಹೋಗುವುದು ಹೆಚ್ಚಾಗಿ ರಕ್ತ ಸೋರಿ, ಆ ಸೋರಿಕೆಯನ್ನು ಈ ಬಟ್ಟೆ ತಗ್ಗಿಸುತ್ತದೆ. ಹಾಸು ಹೊಕ್ಕಿನ ವಿದ್ಯೆಯಲ್ಲಿ ಇಷ್ಟು ಪಳಗಿದ ಊರು ನಮ್ಮಲ್ಲಿದೆ. ಇಂಥ ನೂಲು ಇಳಕಲ್ಲಿನ ಒಬ್ಬ ನೇಕಾರನ ಕೈಗೆ ಬಂದರೆ ಆತ ಅದರಲ್ಲಿ ಏನೇನು ಮಾಡಿಯಾನು ಎಂದು ಯೋಚಿಸಿದರೇ ಮೈ ಜುಮ್ಮೆನ್ನುತ್ತದೆ.

ಕಣ್ಣಿಗೂ ಒಂದು ಉಪಾಯ ಸಿಕ್ಕಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ಬಿಳಿ ಶಾರ್ಕ್ ಕೆಳಗಿನಿಂದ ಮೇಲೆ ನೋಡಿ, ಬೆಳಕಿನ ಎದುರು ಕಪ್ಪಾಗಿ ಕಾಣುವ ಆಕಾರದ ಮೇಲೆ ಎರಗುತ್ತದೆ. ಲಾರಾ ರಯಾನ್ ಮತ್ತು ಸಂಗಡಿಗರು ದಕ್ಷಿಣ ಆಫ್ರಿಕಾದ ಮಾಸೆಲ್ ಬೇಯಲ್ಲಿ ಸೀಲ್ ಆಕಾರದ ಬೊಂಬೆಯ ಹೊಟ್ಟೆಯ ಕೆಳಗೆ ಎಲ್‌ಇಡಿ ದೀಪಗಳ ಪಟ್ಟಿ ಅಂಟಿಸಿ ಎಳೆದುಕೊಂಡು ಹೋದರು. ಬೆಳಕು ಆಕಾರವನ್ನು ಒಡೆದು ಹಾಕಿತು. ದೀಪ ಪ್ರಖರವಾದಷ್ಟೂ ಶಾರ್ಕುಗಳು ಬೊಂಬೆಯ ತಂಟೆಗೆ ಬರುವುದು ಕಡಿಮೆಯಾಯಿತು. 2024ರಲ್ಲಿ ಪ್ರಕಟವಾದ ಕೆಲಸ ಇದು. ದೀಪ ಹಚ್ಚಿ ಅಡಗಿಕೊಳ್ಳುವುದು!

ಇಷ್ಟೆಲ್ಲ ಓದುತ್ತ ಹೋದಂತೆ ನನ್ನ ಮನಸ್ಸು ಮತ್ತೆ ಮತ್ತೆ ಕೃಷ್ಣೆಯ ದಂಡೆಗೇ ಬಂದು ನಿಲ್ಲುತ್ತಿತ್ತು, ಯಾಕೆಂದರೆ ನಮ್ಮ ನೀರಿನ ಬಾಯಿ ಶಾರ್ಕಿನದಲ್ಲ, ಮೊಸಳೆಯದು. 2019ರ ಆಗಸ್ಟಿನ ಮಹಾಪೂರದಲ್ಲಿ ಬೆಳಗಾವಿ ಜಿಲ್ಲೆಯ ರಾಯಬಾಗ ಕಡೆ ಮುಳುಗಿದ ಮನೆಯೊಂದರ ಚಾವಣಿಯ ಮೇಲೆ ಮೊಸಳೆ ಮಲಗಿದ್ದನ್ನು ದೇಶವೆಲ್ಲ ನೋಡಿತು. 2023ರ ಅಕ್ಟೋಬರಿನಲ್ಲಿ ಕೊಲ್ಹಾರ ತಾಲ್ಲೂಕಿನ ರೋಣಿಹಾಳದ ರೈತರು ಹೊಲದಲ್ಲಿ ಸಿಕ್ಕ ಮೊಸಳೆಯನ್ನು ಕಟ್ಟಿಕೊಂಡು ವಿದ್ಯುತ್ ಉಪಕೇಂದ್ರಕ್ಕೇ ತಂದಿಟ್ಟರು. ರಾತ್ರಿ ಕರೆಂಟು ಕೊಟ್ಟರೆ ಕತ್ತಲಲ್ಲಿ ಹೊಲಕ್ಕೆ ನೀರು ಹಾಯಿಸಲು ಹೋಗುವವರ ಗತಿಯೇನು ಎಂಬುದು ಅವರ ಪ್ರಶ್ನೆ. ಅರಣ್ಯ ಇಲಾಖೆಯವರು ಬಂದು ಅದನ್ನು ಆಲಮಟ್ಟಿಯ ನೀರಿಗೆ ಬಿಟ್ಟರು. ಆಲಮಟ್ಟಿಯ ನೀರೆಂದರೆ ಬಾಗಲಕೋಟೆಯ ನೀರೇ, 519.6 ಮೀಟರ್ ಮಟ್ಟಕ್ಕೆ ತುಂಬಿದ ಹಿನ್ನೀರಿಗೇ ಅಲ್ಲವೆ ಹಳೆಯ ಊರಿನ ಓಣಿಗಳು ಮುಳುಗಿದ್ದು, ನವನಗರ ಎದ್ದದ್ದು. ಆ ಹಿನ್ನೀರು ಇಳಿದಂತೆಲ್ಲ ಪಂಪ್‌ಸೆಟ್ಟಿನ ಪೈಪನ್ನು ಮುಂದೆ ಮುಂದೆ ಸರಿಸಲು ರೈತ ಸೊಂಟದ ತನಕ ನೀರಿಗಿಳಿಯುತ್ತಾನೆ. ಹೆಣ್ಣುಮಕ್ಕಳು ಬಟ್ಟೆಯ ಗಂಟಿನೊಂದಿಗೆ ಇಳಿಯುತ್ತಾರೆ. ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಕೃಷ್ಣೆ ಮಲಪ್ರಭೆ ಕೂಡುವಲ್ಲಿ ಭಕ್ತರು ಮುಳುಗು ಹಾಕುತ್ತಾರೆ.

ಶಾರ್ಕಿನ ಬ್ಯಾಟರಿಯನ್ನು ಇವರ ಮೈಗೆ ಕಟ್ಟಿ ಪ್ರಯೋಜನವಿಲ್ಲ. ಮೊಸಳೆಗೆ ವಿದ್ಯುತ್ತಿನ ಇಂದ್ರಿಯವಿಲ್ಲ. ಹಾಗಾದರೆ ಅದಕ್ಕೆ ಏನಿದೆ? ಇಲ್ಲಿ ಇನ್ನೊಂದು ಬೆರಗು! ಮೊಸಳೆಯ ದವಡೆಯ ಅಂಚಿನುದ್ದಕ್ಕೂ ಸಣ್ಣ ಕಪ್ಪು ಚುಕ್ಕೆಗಳಿವೆ. ಹೌದು, ಮತ್ತೆ ಚುಕ್ಕೆಗಳು. ಹತ್ತಿರದಿಂದ ತೆಗೆದ ಯಾವ ಫೋಟೋದಲ್ಲಾದರೂ ಎಣಿಸಬಹುದು. ಅಮೆರಿಕದ ಅಲಿಗೇಟರುಗಳಲ್ಲಿ ಇವನ್ನು ಪರೀಕ್ಷಿಸಿದ ಡ್ಯಾಫ್ನಿ ಸೋರಿಸ್ 2002ರಲ್ಲಿ ಬರೆದದ್ದು ಹೀಗೆ: ಪೂರಾ ಕತ್ತಲಿನಲ್ಲಿ, ಅರ್ಧ ಮುಳುಗಿ ಮಲಗಿದ ಪ್ರಾಣಿಯ ಹತ್ತಿರ ನೀರಿನ ಮೇಲೆ ಒಂದೇ ಒಂದು ಹನಿ ಬೀಳಿಸಿದರೂ ಅದು ಆ ಕಡೆ ತಿರುಗಿತು. ಕಿವಿ ಮುಚ್ಚಿದರೂ ತಿರುಗಿತು. ಚುಕ್ಕೆಗಳನ್ನು ಮುಚ್ಚಿದಾಗ ತಿರುಗಲಿಲ್ಲ! ಅಲಿಗೇಟರಿಗೆ ಈ ಚುಕ್ಕೆ ತಲೆಯ ಮೇಲಷ್ಟೇ. ನಮ್ಮ ಮೊಸಳೆಯ ಕುಲಕ್ಕೆ ಮೈಯ ಹುರುಪೆಗಳ ಮೇಲೂ ಉಂಟು. ಮನುಷ್ಯನ ಬೆರಳ ತುದಿಗಿಂತ ಇವು ಸೂಕ್ಷ್ಮ ಎಂದು 2012ರಲ್ಲಿ ಲೀಚ್ ಮತ್ತು ಕಟಾನಿಯಾ ತೋರಿಸಿದರು. ಕಲ್ಲಿಗೆ ಬಡಿದ ಸೀರೆಯಿಂದ ಎದ್ದ ಸಣ್ಣ ತೆರೆ, ಕೊಡ ಮುಳುಗಿಸಿದಾಗ ಹರಡಿದ ಬಳೆಯಾಕಾರದ ಅಲೆ, ಎಲ್ಲವೂ ಆ ಚರ್ಮಕ್ಕೆ ಸುದ್ದಿ.

ಆದ್ದರಿಂದ ಮೊಸಳೆಯ ನದಿಯಲ್ಲಿ ಸದ್ದಿಲ್ಲದೆ ಇಳಿದರೂ ಗುಟ್ಟು ಉಳಿಯದು. ತೆರೆಯನ್ನು ಅಡಗಿಸಲಾಗದು, ಪ್ರಾಣಿಯನ್ನು ಕೊಲ್ಲಲೂಬಾರದು; 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಅದಕ್ಕೆ ಹುಲಿಗಿರುವಷ್ಟೇ ರಕ್ಷಣೆ ಇದೆ. ನಡುವೆ ಒಂದು ತಡೆ ಇಡುವುದೇ ದಾರಿ. ಆ ದಾರಿಯನ್ನು ಶ್ರೀಲಂಕಾದವರು ಎಂದೋ ಕಂಡುಕೊಂಡಿದ್ದಾರೆ. ಮಾತರದ ನೀಲ್ವಲಾ ನದಿಯಲ್ಲಿ ಸ್ನಾನಕ್ಕೆ ಇಳಿಯುವ ಕಡೆಗಳಲ್ಲಿ ಮರದ ಗೂಟಗಳನ್ನು ಒತ್ತೊತ್ತಾಗಿ ಹುಗಿದು, ನೀರೊಳಗೇ ಕೋಟೆ ಕಟ್ಟುತ್ತಾರೆ. ಅವರ ಭಾಷೆಯಲ್ಲಿ ಅದು ಕಿಂಬುಲಾ ಕೊಟುವ. ಈಗ ಕಬ್ಬಿಣದಲ್ಲೂ ಮಾಡುತ್ತಾರೆ. ನೀರು ಹರಿಯುತ್ತದೆ, ಮೀನು ಹಾಯುತ್ತದೆ, ಮೊಸಳೆ ಹಾಯುವುದಿಲ್ಲ. ಕೂಡಲಸಂಗಮದವರಿಗೆ ನೀರಿನ ನಡುವೆ ಕಟ್ಟುವ ಕೆಲಸ ಹೊಸದೇ? ನಾರಾಯಣಪುರದ ಹಿನ್ನೀರು ಏರಿ ಬಂದಾಗ ಬಸವಣ್ಣನವರ ಐಕ್ಯಸ್ಥಳವನ್ನು ಎತ್ತರದ ಬಾವಿಯಂಥ ಗೋಡೆಯೊಳಗೆ ಕಾಪಾಡಿ, ಸುತ್ತ ನೀರಿದ್ದರೂ ಮೆಟ್ಟಿಲಿಳಿದು ದರ್ಶನ ಮಾಡುವಂತೆ ಮಾಡಿದ ಊರು ಅದು.

ಕೃಷ್ಣೆ, ಮಲಪ್ರಭೆ, ಘಟಪ್ರಭೆಯ ದಂಡೆಯಲ್ಲಿ ಜನ ದಿನನಿತ್ಯ ಇಳಿಯುವ ಜಾಗಗಳು ಆಯಾ ಊರಿನವರಿಗೆ ಗೊತ್ತು. ಮೊಸಳೆ ಬಿಸಿಲಿಗೆ ಮೈಯೊಡ್ಡುವ ದಿಬ್ಬ ಮೀನುಗಾರರಿಗೆ ಗೊತ್ತು. ಈ ಎರಡು ತಿಳಿವಳಿಕೆಗಳನ್ನು ಪಂಚಾಯಿತಿಯವರು ಅರಣ್ಯ ಇಲಾಖೆಯವರ ಜೊತೆ ಕೂತು ಒಂದೇ ನಕ್ಷೆಯ ಮೇಲೆ ಗುರುತಿಸಬೇಕು. ಎಲ್ಲಿ ಎರಡೂ ಹತ್ತಿರ ಬರುತ್ತವೋ ಅಲ್ಲಿ ಮೊದಲ ಬೇಲಿ. ಕಬ್ಬಿಣದ ಪೈಪು, ವೆಲ್ಡರ್, ಗೂಟ ಹುಗಿಯಲು ಊರಿನ ಹತ್ತು ಕೈಗಳು. ಕೆಲಸಕ್ಕೆ ಬೇಸಿಗೆಯೇ ಸರಿಯಾದ ಹೊತ್ತು, ಹಿನ್ನೀರು ಆಗ ಕೆಳಗಿಳಿದು ನೆಲ ಕಾಣುತ್ತಿರುತ್ತದೆ. ನೀರಿನ ಮಟ್ಟ ಏರಿಳಿಯುವುದರಿಂದ ಬೇಲಿ ಎರಡು ಮೂರು ಹಂತದಲ್ಲಿರಬೇಕು, ಪ್ರತಿ ಪ್ರವಾಹ ಇಳಿದ ಮೇಲೆ ಯಾರಾದರೂ ಇಳಿದು ಒಂದೊಂದು ಸರಳನ್ನೂ ಅಲ್ಲಾಡಿಸಿ ನೋಡಬೇಕು.